ಇಪ್ಪತ್ತರ ಮುಳ್ಳು

"ಅಮ್ಮಾ, ಆ ಕಾಲು ನಿಮ್ಮದೇ, ಪಕ್ಕದ ಮನೆಯವರದ್ದಲ್ಲ. ಸ್ವಲ್ಪ ಜೋರಾಗಿ ಊರಿ!" ಎಂದಳು ಫಿಸಿಯೋ ಹುಡುಗಿ.

ಟೈಲರಮ್ಮ ಮೇಜಿನ ಅಂಚು ಹಿಡಿದು, ಆಪರೇಷನ್ ಆದ ಎಡಗಾಲನ್ನು ತೂಕದ ಯಂತ್ರದ ಮೇಲೆ ಊರಿದರು. ಮುಳ್ಳು ಇಪ್ಪತ್ತಕ್ಕೆ ಬಂತು. ಅವರು ಅಲ್ಲಿಗೇ ನಿಂತರು.

"ನೋವಾ?"

"ಇಲ್ಲ."

"ಭಯಾನಾ?"

"ಅದೂ ಇಲ್ಲ."

"ಮತ್ತೇನಮ್ಮಾ?"

"ಇಪ್ಪತ್ತು ಆಯ್ತಲ್ಲ."

ಅಂಗಡಿಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಆರು ವಾರವಾಗಿತ್ತು. ಒಳಗೆ ರಾಡ್ ಕೂರಿಸಿದ ಮಾರನೆಯ ದಿನವೇ ಡಾಕ್ಟರು, "ಪೂರ್ತಿ ಭಾರ ಹಾಕಬಹುದು, ಹಾಕಿದಷ್ಟೂ ಒಳ್ಳೇದು" ಎಂದಿದ್ದರು. ಆದರೆ ಮೊದಲ ದಿನ ಈ ಹುಡುಗಿ ಧೈರ್ಯ ತುಂಬಲೆಂದು, "ಇವತ್ತಿಗೆ ಇಪ್ಪತ್ತು ಕೆಜಿ ಸಾಕು" ಅಂದುಬಿಟ್ಟಿದ್ದಳು. ಆ 'ಇವತ್ತು' ಟೈಲರಮ್ಮನಿಗೆ ಮುಗಿದೇ ಇರಲಿಲ್ಲ. ಊಟ, ಮಾತ್ರೆ, ನಿದ್ದೆ ಎಲ್ಲವೂ ನಡೆಯುತ್ತಿದ್ದವು, ದಾರ ಪೋಣಿಸದ ಮೆಷಿನ್ ತುಳಿದ ಹಾಗೆ. ಸೂಜಿ ಏಳುತ್ತೆ, ಇಳಿಯುತ್ತೆ, ಹೊಲಿಗೆ ಮಾತ್ರ ಬೀಳುವುದಿಲ್ಲ.

ತೂಕದ ಯಂತ್ರ ತಂದವರು ಎದುರುಮನೆಯ ತಕ್ಕಡಿಯವರು. ನಲವತ್ತು ವರ್ಷ ಊರಿನ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿದವರು. ಹೆಂಡತಿ ತೀರಿಕೊಂಡ ಮೇಲೆ ಅವರ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದವರು ಟೈಲರಮ್ಮನೇ. ಆತ ದಿನವೂ ಬೆಳಗ್ಗೆ ಬಂದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮುಳ್ಳು ನೋಡುತ್ತಾ ಕೂರುತ್ತಿದ್ದರು.

"ಹದಿನೆಂಟು... ಹತ್ತೊಂಬತ್ತು... ಇಪ್ಪತ್ತು."

"ಏನ್ರೀ, ಈರುಳ್ಳಿ ತೂಗ್ತಿದೀರಾ?" ಎಂದರು ಟೈಲರಮ್ಮ.

"ಈರುಳ್ಳಿ ಇಷ್ಟು ಹಠ ಮಾಡಲ್ಲ ಬಿಡಿ."

ಮೊದಲಾಗಿದ್ದರೆ ಟೈಲರಮ್ಮ ನಗುತ್ತಿದ್ದರು. ಈಗ ಕಾಲು ಇಳಿಸಿ ಕುಳಿತರು. "ಭಾನುವಾರ ತಂಗಿ ಬರ್ತಾಳೆ. ಅಷ್ಟೊತ್ತಿಗೆ ವಾಕರ್ ಬಿಡ್ಲಿಲ್ಲ ಅಂದ್ರೆ ಅವಳ ಊರಿಗೆ ಕರ್ಕೊಂಡು ಹೋಗ್ತಾಳಂತೆ. ಅಂಗಡಿ ಖಾಲಿ, ಮೆಷಿನ್ ಯಾರಿಗಾದ್ರೂ ಕೊಡೋದು."

"ನೀವೇನಂದ್ರಿ?"

"ಏನನ್ನಲಿ? ಕರ್ಕೊಂಡು ಹೋದ್ರೆ ಹೋಗ್ತೀನಿ."

ತಕ್ಕಡಿಯವರು ಕನ್ನಡಕದ ಮೇಲಿಂದ ಅವರ ಮುಖ ನೋಡಿದರು. ಮುಳ್ಳಿಲ್ಲದ ಕಡೆ ಅವರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆಮೇಲೆ ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದರು. "ಎಣ್ಣೆ ಬಿಡ್ಬೇಕು ಇದಕ್ಕೆ. ನಾಳೆ ತರ್ತೀನಿ."

ಮಾರನೆಯ ದಿನವೂ ಮುಳ್ಳು ಇಪ್ಪತ್ತಕ್ಕೇ ನಿಂತಿತು. ಅದರ ಮರುದಿನವೂ ಅಷ್ಟೇ. ಆದರೆ ಗುರುವಾರ ಟೈಲರಮ್ಮ ವಾಕರನ್ನು ನೆಲಕ್ಕೆ ಒತ್ತದೆ ಅಡುಗೆಮನೆ ತಲುಪಿದ್ದರು. ಶುಕ್ರವಾರ ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದು ಕೈಯಲ್ಲಿ ಗೋಡೆ ಸವರುತ್ತಾ ನಾಲ್ಕು ಹೆಜ್ಜೆ ಇಟ್ಟರು. ಸಂತೋಷವೇನೂ ಆಗಲಿಲ್ಲ. ನೀರು ಚೆಲ್ಲಲಿಲ್ಲ, ಅಷ್ಟೇ.

ಶನಿವಾರ ಫಿಸಿಯೋ ಹುಡುಗಿ ಹೊರಡುವ ಮುಂಚೆ ತಾನೂ ಒಮ್ಮೆ ಯಂತ್ರದ ಮೇಲೆ ಹತ್ತಿದಳು. "ಅಯ್ಯಯ್ಯೋ! ಮೂವತ್ತೈದು! ಅಮ್ಮಾ, ನಾನು ಅರವತ್ಮೂರು ಕೆಜಿ ಇದ್ದೆ, ಎಲ್ಲಿ ಹೋದೆ?"

ಇಬ್ಬರೂ ತಿರುಗಿ ತಕ್ಕಡಿಯವರನ್ನು ನೋಡಿದರು. ಆತ ಕಿಟಕಿ ನೋಡುತ್ತಿದ್ದರು. ಹುಡುಗಿಗೆ ಅರ್ಥವಾಯಿತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಚಪ್ಪಲಿ ಮೆಟ್ಟಿ ಹೊರಟೇ ಹೋದಳು.

"ಏನ್ ಮಾಡಿದ್ರಿ ಇದಕ್ಕೆ?"

"ಸ್ಪ್ರಿಂಗ್ ಬದಲಾಯಿಸಿದೆ. ಗಟ್ಟಿದು ಹಾಕಿದೆ. ಮೂವತ್ತಾರು ಬಿದ್ರೆ ಇಪ್ಪತ್ತು ತೋರಿಸುತ್ತೆ. ಡಾಕ್ಟರನ್ನ ಕೇಳ್ಕೊಂಡೇ ಮಾಡಿದ್ದು."

"ನನ್ನನ್ನ ಕೇಳ್ಲಿಲ್ಲ."

"ಕೇಳಿದ್ರೆ ಇಪ್ಪತ್ತೇ ಸಾಕು ಅಂತಿದ್ರಿ."

"ನಲವತ್ತು ವರ್ಷ ಒಂದು ಗುಲಗಂಜಿ ಆಚೀಚೆ ಮಾಡ್ಲಿಲ್ಲ ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತೀರಿ!" ಟೈಲರಮ್ಮನ ದನಿ ಏರಿತು. ಆರು ವಾರದಲ್ಲಿ ಏರದಿದ್ದ ದನಿ. ಅವರಿಗೇ ಅದು ಬೇರೆ ಯಾರದೋ ಅನ್ನಿಸಿತು.

"ಮಾಡಿರ್ಲಿಲ್ಲ. ಇದೊಂದು ಮಾಡಿದೆ." ಆತ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. "ನೀವು ಹೋದ್ರೆ ಎದುರು ಬಾಗಿಲಿಗೆ ಬೀಗ ಬೀಳುತ್ತೆ. ದಿನಾ ಎದ್ದು ಆ ಬೀಗ ನೋಡೋದು ನನ್ನ ಕೈಲಾಗಲ್ಲ. ಇಷ್ಟು ವಯಸ್ಸಿಗೆ ಇದನ್ನ ಹೇಗೆ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಸ್ಪ್ರಿಂಗ್ ಆದ್ರೆ ಗೊತ್ತು."

ಟೈಲರಮ್ಮ ಯಂತ್ರದ ಮುಳ್ಳನ್ನೇ ನೋಡುತ್ತಾ ಹೇಳಿದರು.

"ನಿಜ ಹೇಳ್ಬಿಡ್ತೀನಿ. ನನಗೆ ಏನೂ ಅನ್ನಿಸ್ತಾ ಇಲ್ಲ. ಬಿದ್ದಾಗಿಂದ ಹೀಗೇ. ನೀವು ಇಷ್ಟು ಹೇಳಿದ್ರೂ... ಸಿಟ್ಟೊಂದು ಬಂತು, ಅಷ್ಟೇ."

"ಸಿಟ್ಟು ಬಂತಲ್ಲ, ಸಾಕು. ಬಾಕಿದು ಬರೋವರೆಗೂ ಕೂತಿರ್ತೀನಿ. ನನಗೇನು ಆಫೀಸಾ?"

"ಬರ್ದೇ ಇದ್ರೆ?"

"ಕೂತು ಅಭ್ಯಾಸ ಇದೆ."

"ತಂಗಿಗೆ ಬರೋದು ಬೇಡ ಅಂತ ಫೋನ್ ಮಾಡ್ತೀನಿ. ಮೆಷಿನ್ ಕೊಡಲ್ಲ," ಎಂದರು ಟೈಲರಮ್ಮ. "ನೀವು ಮೊದಲು ಆ ಸ್ಪ್ರಿಂಗ್ ಕಿತ್ತು ಸರಿಯಾದ್ದು ಹಾಕಿ."

"ಈಗಲೇ?"

"ಈಗಲೇ."

ತಕ್ಕಡಿಯವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಯಂತ್ರವನ್ನು ಬೋರಲು ಹಾಕಿ, ಸ್ಕ್ರೂ ಬಿಚ್ಚಿ, ಜೇಬಿನಿಂದ ಹಳೇ ಸ್ಪ್ರಿಂಗ್ ತೆಗೆದು ಕೂರಿಸಿದರು. ಕೆಲಸ ಮುಗಿಸಿ ಏಳಲು ಹೋದರೆ ಮಂಡಿ ಹಿಡಿದುಕೊಂಡಿತು. ಇನ್ನೊಮ್ಮೆ ಪ್ರಯತ್ನಿಸಿದರು, ಅರ್ಧಕ್ಕೆ ಎದ್ದು ಮತ್ತೆ ಕುಸಿದರು. ಟೈಲರಮ್ಮ ಎರಡೂ ಕಾಲೂರಿ ಎದ್ದು, ಬಲಗೈಯಲ್ಲಿ ಮೇಜು ಹಿಡಿದು ಎಡಗೈ ಚಾಚಿದರು. ಆತ ಆ ಕೈ ಹಿಡಿದು, ಇಡೀ ಮೈಭಾರವನ್ನು ಅದರ ಮೇಲೇ ಹಾಕಿ, ಮೆಲ್ಲಗೆ ಎದ್ದು ನಿಂತರು.