ಪಾರಾಯಣದ ಹೊತ್ತಿನ ನಿದ್ದೆ

ಅಪ್ಪ ಓದು ಮುಗಿಸಿ ತಲೆಯೆತ್ತಿದಾಗ ಗುರುಪ್ರಸಾದ ಜಗಲಿಯ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದ.

ಭಾವಿಕೇರಿಯ ನಮ್ಮ ಮನೆಯಲ್ಲಿ ಭಾನುವಾರದ ಪಾರಾಯಣಕ್ಕೆ ಕೂತವರು ಕೆಮ್ಮುವುದೂ ಮೆಲ್ಲಗೆ. ಕುಮಟಾದಿಂದ ನನಗೆ ಬಂದ ಸಂಬಂಧಕ್ಕೆ ಆ ದಿನ ಉತ್ತರ ಹೇಳಬೇಕಿತ್ತು. "ನೀ ಮೆಚ್ಚಿದ ಹುಡುಗ ಬೆಳಿಗ್ಗೆ ಪಾರಾಯಣಕ್ಕೆ ಬರ್ಲಿ. ನೋಡಿ ಹೇಳ್ತೆ" ಎಂದಿದ್ದರು ಅಪ್ಪ. ಕೈಗಾದಲ್ಲಿ ನನ್ನ ಜೊತೆ ಕೆಲಸ ಮಾಡುವ ಗುರು, ಸದಾಶಿವಗಡದಿಂದ ಬೈಕಿನಲ್ಲಿ ಕತ್ತಲಿರುವಾಗಲೇ ಹೊರಟು ಬಂದಿದ್ದ.

"ಬಂದಾಗ ಕಣ್ಣು ನೋಡಿದ್ಯಾ? ಗೋವಾ ಗಡಿಯ ಹುಡುಗ. ರಾತ್ರಿ ಎಂತಾ ಮಾಡ್ದ ಅಂತ ಕೇಳೂದೇ ಬೇಡ" ಎಂದರು ಅಪ್ಪ.

"ಅವ ಕುಡಿಯೂದಿಲ್ಲ ಅಪ್ಪಾ. ಎಡಿಎಚ್‌ಡಿ ಅಂತ ಡಾಕ್ಟ್ರು ಹೇಳಿದಾರೆ, ಗಮನ ಒಂದು ಕಡೆ ನಿಲ್ಲದ ತೊಂದ್ರೆ. ಮೈ ಮಲಗಿದ್ರೂ ತಲೆ ಮಲಗೂದಿಲ್ಲ. ಬೆಳಗಾಗೂ ಹೊತ್ತಿಗೇ ನಿದ್ದೆ ಹತ್ತೂದು. ಔಷಧ ಈಗ ಶುರು ಆಗದೆ."

"ದೇವ್ರ ಮುಂದೆ ತೂಕಡಿಸೂಕೂ ಒಂದು ಇಂಗ್ಲಿಷ್ ಹೆಸ್ರು." ಅಪ್ಪ ಪುಸ್ತಕಕ್ಕೆ ಕೈಮುಗಿದು, ಕುಮಟಾಕ್ಕೆ ಫೋನ್ ಮಾಡಿ ಒಪ್ಪಿಗೆ ಹೇಳಲು ಒಳಗೆ ಹೋದರು.

ಚಿಕ್ಕವಳಿದ್ದಾಗ ಇದೇ ದನಿಗೆ ನಾನೂ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಆಗ ಯಾರೂ ಬೈದಿರಲಿಲ್ಲ.

ಬಾಗಿಲ ಸದ್ದಿಗೆ ಗುರು ಬೆಚ್ಚಿ ಎದ್ದ. ಕೆನ್ನೆಯ ಮೇಲೆ ಕಂಬದ ಕೆತ್ತನೆ ಅಚ್ಚೊತ್ತಿತ್ತು. ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡ.

"ಏಳೂದಿಲ್ವೇನೋ ಅಂತ ಹೆದ್ರಿ ರಾತ್ರಿ ಮಲಗ್ಲೇ ಇಲ್ಲ" ಎಂದ. "ನಿಮ್ಮಪ್ಪ ಓದ್ತಾ ಇದ್ದಾಗ ತಲೆಯೊಳಗಿನ ಗದ್ದಲ ಎಲ್ಲಾ ನಿಂತೋಯ್ತು ರಕ್ಷಿತಾ. ಹಾಗೆ ನಿಂತದ್ದೇ ಇಲ್ಲ ಯಾವತ್ತೂ."

"ಎಷ್ಟು ಚಂದ ಮಲಗಿದ್ದೆ ಗೊತ್ತಾ? ಬಾಯಿ ಕಳೆದು."

ನಗಲು ನೋಡಿದ, ಆಗಲಿಲ್ಲ.

ಬೈಕಿನ ಕೀಲಿಕೈ ನಾನೇ ಕಿತ್ತುಕೊಂಡೆ. "ಈ ಕಣ್ಣಲ್ಲಿ ಹೈವೇ ಬೇಡ. ಬಸ್ಸಿಗೆ ಹೋಗು. ಬೈಕಿಗೆ ಅಂತ ಇನ್ನೊಂದ್ಸಲ ಬಾ, ಮಧ್ಯಾಹ್ನ. ನೀ ಎಚ್ಚರ ಇರೂ ಹೊತ್ತಿಗೆ."

"ತಮ್ಮನ್ನ ಕಳಿಸ್ತೆ."

ಅಂಕೋಲೆಯವರೆಗೆ ಇಬ್ಬರೂ ರಿಕ್ಷಾದಲ್ಲಿ ಹೋದೆವು. ಬಸ್‌ಸ್ಟ್ಯಾಂಡಿನಲ್ಲಿ ಅವನು ಹೇಳಿದ: "ನಿಮ್ಮಪ್ಪ ಬೇಡ ಅಂದದ್ದು ಪೂರಾ ತಪ್ಪಲ್ಲ. ನನ್ನ ಎಬ್ಬಿಸೂದ್ರಲ್ಲೇ ನಿನ್ನ ಆಯುಷ್ಯ ಹೋಗ್ತದೆ."

"ನನ್ನ ಆಯುಷ್ಯದ ಲೆಕ್ಕ ನಿಂಗೆಂತಕೆ ಮಾರಾಯಾ? ಎಬ್ಬಿಸ್ತೆ ಅಂತ ತಾನೇ ನಾ ಹೇಳಿದ್ದು."

ಅವನು ನನ್ನ ಬೆರಳನ್ನು ಒಮ್ಮೆ ಮುಟ್ಟಿ ಬಸ್ಸು ಹತ್ತಿದ. ಕಿಟಕಿಗೆ ತಲೆ ತಾಗಿದ್ದೇ ತಡ, ಕಣ್ಣು ಮುಚ್ಚಿತು. ನಾನು ಎತ್ತಿದ ಕೈಯನ್ನು ಅವನು ನೋಡಲಿಲ್ಲ.

ಕಂಡಕ್ಟರ್ ಬಳಿ ಹೋಗಿ, ಸದಾಶಿವಗಡ ಬಂದಾಗ ಅವನನ್ನು ಎಬ್ಬಿಸಿ ಎಂದೆ.

"ಯಾರು, ನಿಮ್ಮನೆಯವ್ರಾ?"

ಮನೆಯಲ್ಲಿ ಅಪ್ಪನ ಫೋನು ಇಷ್ಟು ಹೊತ್ತಿಗೆ ಮುಗಿದಿರಬೇಕು. ಪಾರಾಯಣ ಕೇಳಿದ ದಿನ ನಾನು ಸುಳ್ಳು ಹೇಳುವವಳಲ್ಲ.

"ಹೌದು" ಎಂದೆ. "ಮೆಲ್ಲಗೆ ಎಬ್ಬಿಸಿ. ಗಾಬರಿ ಬೀಳ್ತಾರೆ."