ಒಣಗುವ ಮುನ್ನ ಮುಟ್ಟಿದವಳು

"ಅಯ್ಯೋ, ಕೈ ತೆಗೀರಿ!"

ಅವಳು ತೆಗೆದಳು. ಆದರೆ ತಡವಾಗಿತ್ತು. ಗೋಡೆಗೆ ಒರಗಿಸಿಟ್ಟ ಚಿತ್ರದಲ್ಲಿದ್ದ ಯಾರೋ ದೊಡ್ಡ ಮನುಷ್ಯರ ಎಡಗೆನ್ನೆ ಅವಳ ಅಂಗೈಗೆ ವರ್ಗವಾಗಿತ್ತು. ಅವಳ ಅಂಗೈಯ ಗೆರೆಗಳು ಅವರ ಕೆನ್ನೆಗೆ!

"ಒದ್ದೆ ಇದೆ ಅಂತ ಮೊದಲೇ ಹೇಳಬಾರದಾ?"

"ಎಣ್ಣೆಬಣ್ಣ ಒದ್ದೆ ಇರತ್ತೆ ಅಂತಾನೂ ಹೇಳಬೇಕಾ?"

"ಯಾವಾಗ ಬಳಿದಿದ್ದು?"

"ಹೋದ ವಾರ."

"ಹೋದ ವಾರ!" ಅವಳು ಕೈ ನೋಡಿಕೊಂಡಳು. "ನಮ್ಮಲ್ಲಿ ಹೋದ ವಾರ ಬಣ್ಣ ಹಾಕಿಸ್ಕೊಂಡ ಬೈಕು ಇಷ್ಟೊತ್ತಿಗೆ ಒಂದು ಸಲ ಬಿದ್ದು ವಾಪಸ್ ಬಂದಿರತ್ತೆ!"

ಚಿತ್ರ ಬರೆದವನು ಸಿಟ್ಟಾಗಬೇಕಿತ್ತು. ಸಿಟ್ಟಾಗಲು ಹೊರಟವನ ತುಟಿಯ ತುದಿಯಲ್ಲಿ ಒಂದು ನಗು ಇಣುಕಿ, ಯಜಮಾನ ಮನೆಯಲ್ಲಿದ್ದಾನೆಂದು ತಿಳಿದ ಕಳ್ಳನಂತೆ ಹಿಂದೆ ಸರಿಯಿತು. ಅದನ್ನು ಅವಳು ನೋಡಿಬಿಟ್ಟಳು. ಮುಂದಿನ ಕಷ್ಟಕ್ಕೆಲ್ಲ ಅದೇ ಮೂಲ.

ಅವಳಪ್ಪನದು ವಾಹನಗಳಿಗೆ ಬಣ್ಣ ಹೊಡೆಯುವ ಅಂಗಡಿ. ಅವಳ ಕೈಯಲ್ಲಿ ಏರ್‌ಬ್ರಷ್. ಪೆನ್ನಿನಂತೆ ಹಿಡಿದು ಒತ್ತಿದರೆ ಕಂಪ್ರೆಸರಿನ ಗಾಳಿಗೆ ಬಣ್ಣ ಮಂಜಿನಂತೆ ಹೊರಬರುತ್ತದೆ. ಅಚ್ಚಿನ ಹಾಳೆ ಅಂಟಿಸಿ ಬೆಂಕಿ, ಬುರುಡೆ, ಹದ್ದು ಎಲ್ಲವನ್ನೂ ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಸುತ್ತಿದ್ದಳು. ಊರಲ್ಲಿ ಓಡಾಡುವ ಅರ್ಧ ಹದ್ದುಗಳು ಅವಳವೇ.

ಆದರೆ ನಿವೃತ್ತಿಯಾಗಲಿದ್ದ ಬಸ್ ಡ್ರೈವರೊಬ್ಬರು ಹದ್ದು ಬೇಡ ಎಂದರು. ತಮ್ಮ ಬೈಕಿನ ಟ್ಯಾಂಕಿನ ಮೇಲೆ ಹೆಂಡತಿಯ ಮುಖ ಬೇಕಂತೆ!

ಅವಳು ಬಿಡಿಸಿದಳು. ಕೆನ್ನೆ ಹೊಳೆಯಲಿ ಎಂದು ಕೊನೆಗೆ ಒಂದಿಷ್ಟು ಬಿಳಿ ಊದಿದಳು. ನೆರಳಿಗೆ ಹಾಕಿದ್ದ ಕಪ್ಪಿನ ಮೇಲೆ ತೆಳ್ಳಗೆ ಬಿದ್ದ ಬಿಳಿ ನೀಲಿಗೆ ತಿರುಗಿತು. ಡ್ರೈವರಮ್ಮ ಬಂದು ಟ್ಯಾಂಕನ್ನು ಸುತ್ತ ನೋಡಿ, "ಇವಳಿಗೆ ಚಳಿಜ್ವರ ಬಂದಿದೆ. ನಾನು ಗಟ್ಟಿಯಾಗಿದೀನಿ" ಎಂದು ಹೊರಟುಹೋದರು.

"ಪುಟ್ಟೀ," ಅಪ್ಪ ಟ್ಯಾಂಕನ್ನು ಉಜ್ಜಿ ಮತ್ತೆ ಕೆನೆಬಣ್ಣ ಹೊಡೆಯುತ್ತಾ ಹೇಳಿದರು, "ಇನ್ನೊಂದೇ ಸಲ. ಆಗ್ಲಿಲ್ಲ ಅಂದ್ರೆ ಈ ಅಂಗಡೀಲಿ ಮುಖದ ಕೆಲಸವೇ ಬೇಡ. ಹದ್ದು ಯಾವತ್ತಾದ್ರೂ 'ಇದು ನಾನಲ್ಲ' ಅಂತ ಜಗಳಕ್ಕೆ ಬಂದಿದ್ಯಾ?"

ಜೀವನವಿಡೀ ಹದ್ದು! ಹಾಗಾಗಿ ಪಕ್ಕದ ಬೀದಿಯ ಮಹಡಿಯಲ್ಲಿ ಎಣ್ಣೆಬಣ್ಣದಲ್ಲಿ ಮುಖ ಬರೆಯುವವನ ಬಾಗಿಲು ತಟ್ಟಿದ್ದಳು. ಒಳಗೆ ಹೋಗಿ ಮೊದಲು ಮಾಡಿದ ಕೆಲಸವನ್ನು ಆಗಲೇ ಹೇಳಿಯಾಗಿದೆ.

"ಹೇಳಿಕೊಡ್ತೀನಿ," ಅವನೆಂದ. "ಪಿಚಕಾರಿ ಆಮೇಲೆ. ಮೊದಲು ಪೆನ್ಸಿಲ್."

ಕಿಟಕಿಯ ಕೆಳಗಿನ ಸ್ಟೂಲಿನ ಮೇಲೆ ಒಂದು ಮೊಟ್ಟೆ ಇಟ್ಟ. ಬೆಳಕು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಗುತ್ತದೆ ಎಂದು ಬಿಡಿಸಬೇಕಂತೆ. ಮರುದಿನವೂ ಮೊಟ್ಟೆ. ಅದರ ಮರುದಿನವೂ...

"ನಾನು ಮುಖ ಕಲಿಯೋಕೆ ಬಂದಿರೋದು ಮೇಷ್ಟ್ರೇ. ಆಮ್ಲೆಟ್ ಅಲ್ಲ."

"ಕೆನ್ನೆ ಅಂದ್ರೆ ಇನ್ನೇನು? ಮೊಟ್ಟೆನೇ."

ಅವಳು ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಅವನು ಥಟ್ಟನೆ ಕಿಟಕಿಯ ಕಡೆ ತಿರುಗಿದ. ಕಿಟಕಿಯಾಚೆ ನೀರಿನ ಟ್ಯಾಂಕಿನ ಹೊರತು ನೋಡುವಂಥದ್ದೇನೂ ಇರಲಿಲ್ಲ.

ಅವನು ಅವಳನ್ನು 'ಪಿಚಕಾರಿ' ಎಂದ. ಅವಳು ಅವನನ್ನು 'ಆಮೆ' ಎಂದಳು, ಮೊದಲು ಮನಸ್ಸಿನಲ್ಲಿ, ಆಮೇಲೆ ಬಾಯಿಬಿಟ್ಟೇ.

ಪೆನ್ಸಿಲ್ ಮುಗಿದ ಮೇಲೆ ಹಳೇ ಚಿತ್ರಕಾರರ ದಾರಿ ಹೇಳಿಕೊಟ್ಟ. ಮೊದಲು ಇಡೀ ಮುಖವನ್ನು ಒಂದೇ ಮಂಕು ಬಣ್ಣದಲ್ಲಿ ನಿಲ್ಲಿಸಬೇಕು. ಮೂಗು ಮೂಗಾಗಿ, ಗಲ್ಲ ಗಲ್ಲವಾಗಿ ಎದ್ದುನಿಂತ ಮೇಲೆ ಅದರ ಮೇಲೆ ತೆಳ್ಳಗೆ, ಪದರದ ಮೇಲೆ ಪದರವಾಗಿ, ಕೆಳಗಿನದು ಕಾಣುವ ಹಾಗೆ ಬಣ್ಣ.

"ಬಿಳಿ ಊದಬೇಡಿ. ಬೆಳಕು ಬೇಕಾದ ಕಡೆ ಬಣ್ಣ ಹಾಕದೇ ಬಿಡಿ, ಅಡಿಯ ಕೆನೆಬಣ್ಣವೇ ಹೊಳೆಯತ್ತೆ. ಇನ್ನೊಂದು... ಬಣ್ಣ ಹಾಕೋವಾಗ ಆ ಮನುಷ್ಯರನ್ನ ಎದುರಿಗೆ ಕೂರಿಸ್ಕೊಂಡು, ನೋಡಿ ಹಾಕಿ. ನೆನಪಿನಿಂದ ಹಾಕಿದ್ರೆ ಎಲ್ಲ ಮುಖಾನೂ ಒಂದೇ ಆಗತ್ತೆ."

ಅವಳ ಏರ್‌ಬ್ರಷ್ ಈ ಕೆಲಸಕ್ಕೆಂದೇ ಹುಟ್ಟಿದಂತಿತ್ತು. ಉಸಿರಿನಷ್ಟು ತೆಳುವಾದ ಪದರ! ಅವನು ವಾರಗಟ್ಟಲೆ ಕಾಯುವುದನ್ನು ಅವಳು ನಿಮಿಷಗಳಲ್ಲಿ ಒಣಗಿಸುತ್ತಿದ್ದಳು. ಅದನ್ನು ನೋಡಲೆಂದು ಅವನು ಅಂಗಡಿಗೂ ಬರತೊಡಗಿದ. ಬರಿಗೈಯಲ್ಲಿ ಬರಲು ಸಂಕೋಚವಾಗಿ ಸೈಕಲ್ಲಿನ ಮಡ್‌ಗಾರ್ಡ್ ಬಿಚ್ಚಿ ತರುತ್ತಿದ್ದ. ಬಣ್ಣ ಹಾಕಿಸಲು.

"ಈ ಮಡ್‌ಗಾರ್ಡು ಇನ್ನೊಂದು ಕೋಟ್ ತಡ್ಕೊಳಲ್ಲ," ಎಂದರು ಅಪ್ಪ. "ಆ ಮನುಷ್ಯನಿಗೆ ಬೇರೆ ಏನಾದ್ರೂ ಬೇಕಾ ಕೇಳು."

ಅವಳು ಕೇಳಲಿಲ್ಲ. ಆದರೆ ಆ ದಿನವೆಲ್ಲ ಹಾಡಿಕೊಳ್ಳುತ್ತಾ ಹದ್ದು ಬಿಡಿಸಿದಳು. ಆ ಹದ್ದಿನ ಮುಖದಲ್ಲೂ ಒಂದು ಸಂತೋಷ ಬಂದುಬಿಟ್ಟಿತು.

ಹೀಗೇ ತಿಂಗಳುಗಳು ಕಳೆದವು. ಒಂದು ಸಂಜೆ ಅವನು ಟೀ ತರಲು ಕೆಳಗಿಳಿದಾಗ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ಒಂದು ಕ್ಯಾನ್ವಾಸನ್ನು ಅವಳು ಸುಮ್ಮನೆ ತಿರುಗಿಸಿದಳು.

ಅವಳದೇ ಮುಖ!

ತಲೆ ಬಗ್ಗಿಸಿ ಮೊಟ್ಟೆ ನೋಡುತ್ತಿರುವ ಮುಖ. ಹಣೆಗೆ ಬಿದ್ದ ಕೂದಲು, ಯೋಚಿಸುವಾಗ ಕಚ್ಚಿಕೊಳ್ಳುವ ಕೆಳತುಟಿ... ಎಲ್ಲ ಇತ್ತು. ಬಣ್ಣ ಮಾತ್ರ ಇರಲಿಲ್ಲ. ಬರೀ ಮಂಕು ಬೂದಿ.

'ಹಾಗಾದ್ರೆ ಇವನೂ...' ಖುಷಿಯಲ್ಲಿ ಬೆರಳು ತಾನಾಗಿಯೇ ಚಾಚಿತು. ಕೆನ್ನೆಯನ್ನು ಮುಟ್ಟಿತು.

ಬೆರಳಿಗೆ ಏನೂ ಅಂಟಲಿಲ್ಲ.

ಒಣಗಿ ಗಟ್ಟಿಯಾಗಿತ್ತು. ಮೇಲಂಚಿನಲ್ಲಿ ಧೂಳು ಕೂತಿತ್ತು. ಈಗ ಅವಳಿಗೆ ಎಣ್ಣೆಬಣ್ಣದ ಸ್ವಭಾವ ಗೊತ್ತು. ಇದು ಒಣಗಿ ತಿಂಗಳುಗಳೇ ಆಗಿವೆ. ಶುರು ಮಾಡಿದ್ದಾನೆ... ಸಾಕಾಗಿ ಬಿಟ್ಟಿದ್ದಾನೆ. ಯಾರೋ ಗುರುತಿಲ್ಲದವರ ಗಲ್ಲಕ್ಕೆ ಐದಾರು ಪದರ ಹಾಕುವವನಿಗೆ, ನನಗೆ ಇನ್ನೊಂದು ಪದರ ಹಾಕಲು ಮನಸ್ಸಾಗಲಿಲ್ಲ!

ಅವನು ಎರಡು ಲೋಟ ಹಿಡಿದು ಒಳಗೆ ಬಂದಾಗ ಚಿತ್ರ ಮತ್ತೆ ಗೋಡೆ ನೋಡುತ್ತಿತ್ತು.

"ನಾಳೆಯಿಂದ ಬರಲ್ಲ. ಕಲಿತಿದ್ದು ಸಾಕು."

"ಯಾಕೆ? ಡ್ರೈವರಮ್ಮನ ಮುಖಕ್ಕೆ ಬಣ್ಣ ಇನ್ನೂ..."

"ಮುಗಿಸ್ತೀನಿ. ನಾನು ಯಾರ ಮುಖವನ್ನೂ ಅರ್ಧಕ್ಕೆ ಬಿಡೋಳಲ್ಲ."

ಚಿತ್ರ ಯಾಕೆ ಅರ್ಧಕ್ಕೆ ನಿಂತಿದೆ ಎಂದು ಅವಳು ಕೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಪ್ರೀತಿಯಲ್ಲಿ ಬಿದ್ದವರು ಕೇಳಬೇಕಾದ್ದನ್ನು ಕೇಳಬೇಕಾದ ಹೊತ್ತಿಗೆ ಕೇಳಿದ್ದನ್ನು ಯಾರೂ ಕಂಡಿಲ್ಲ. ಅವನು ಎರಡೂ ಲೋಟದ ಟೀ ತಾನೇ ಕುಡಿದ.

ಡ್ರೈವರಮ್ಮ ಅಂಗಡಿಯ ಬಾಗಿಲ ಬೆಳಕಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕಲಿತಂತೆ ಅವಳು ನೋಡಿದಳು, ಊದಿದಳು, ಮತ್ತೆ ನೋಡಿದಳು. ಮಂಕು ಮುಖದ ಮೇಲೆ ಹಳದಿ ಹರಡಿತು, ಕೆಂಪು ಬೆರೆಯಿತು. ಕಣ್ಣಿನ ಪಕ್ಕದ ಸುಕ್ಕುಗಳೂ ಬೆಚ್ಚಗಾದವು. ಅವಳ ಮುಖ ಮಾತ್ರ ಬಾಡಿತ್ತು.

"ಇಷ್ಟು ಹೊತ್ತು ನನ್ನ ಮುಖ ನೋಡಿದೋರು ಯಾರೂ ಇಲ್ಲಮ್ಮ," ಡ್ರೈವರಮ್ಮ ಎಂದರು. "ನಮ್ಮೋರು ಮದುವೆಗೆ ಮುಂಚೆ ಒಂದು ಸಲ ನೋಡಿದ್ರು. ಆವಾಗಿಂದ ರಸ್ತೆ ನೋಡ್ತಿದಾರೆ."

ಅವಳು ನಕ್ಕಳು.

"ನಗಬೇಡ. ಟ್ಯಾಂಕಿನ ಮೇಲೆ ನಿನ್ನ ಮುಖ ಹಾಕಿಸ್ತೀನಿ ಅಂತ ನನ್ನ ಎದುರಿಗೆ ಹೇಳೋಕೆ ಬಾಯಿ ಬರ್ಲಿಲ್ಲ ನೋಡು, ಮಗಳ ಕೈಲಿ ಹೇಳಿಸಿದ್ರು! ನೀನು ಆರಾಮಾಗಿ 'ಬನ್ನಿ, ಕೂತ್ಕೊಳ್ಳಿ' ಅಂದೆ. ನಾನು ನಿನಗೆ ಯಾರೂ ಅಲ್ವಲ್ಲ, ಅದಕ್ಕೆ. ಬೇಕಾದೋರನ್ನ ಹಾಗೆ ಕೂರಿಸ್ಕೊಳ್ಳೋದು ಕಷ್ಟ ಕಣೇ."

ಏರ್‌ಬ್ರಷ್ ಗಾಳಿಯಲ್ಲೇ ನಿಂತಿತು.

ಎದುರಿಗೆ ಕೂರಿಸ್ಕೊಂಡು, ನೋಡಿ ಹಾಕಿ... ನೆನಪಿನಿಂದ ಹಾಕಬೇಡಿ...

ಆ ಆಮೆ ಯಾವತ್ತಾದರೂ ನನ್ನನ್ನು ಎದುರಿಗೆ ಕೂರಿಸಿಕೊಂಡಿದ್ದಾನಾ? ನಾನು ಮೊಟ್ಟೆ ನೋಡುತ್ತಿದ್ದೆ. ನಾನು ತಲೆ ಎತ್ತಿದರೆ ಅವನು ನೀರಿನ ಟ್ಯಾಂಕು ನೋಡುತ್ತಿದ್ದ!

"ಏನಾಯ್ತೇ? ಮೂಗು ತಪ್ಪಾಯ್ತಾ?"

"ಇಲ್ಲ... ಮೂಗು ಸರಿಯಾಗಿದೆ," ಎಂದಳು. ಕಣ್ಣು ತುಂಬಿತ್ತು. ಆದರೂ ಕೊನೆಯ ಪದರ ಮುಗಿಸಿಯೇ ಕೈಬಿಟ್ಟಳು.

ಡ್ರೈವರಮ್ಮ ಬಗ್ಗಿ ನೋಡಿದರು. ಅಪ್ಪ ಉಸಿರು ಹಿಡಿದು ನಿಂತರು.

"ಹ್ಞೂಂ. ಇದು ನಾನೇ," ಎಂದು ತೀರ್ಪಾಯಿತು. "ಮೂಗು ಒಂಚೂರು ಸಣ್ಣ ಮಾಡಬಹುದಿತ್ತು."

"ಬೇಡ," ಕರೆದೊಯ್ಯಲು ಬಂದು ಹಿಂದೆ ನಿಂತಿದ್ದ ಡ್ರೈವರ್ ಮೆಲ್ಲಗೆ ಹೇಳಿದರು. "ಮೂಗು ಹಾಗೇ ಇರಲಿ."

ಡ್ರೈವರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕರು.

ಅಪ್ಪ ಮೂಲೆಯಿಂದ ಮಡ್‌ಗಾರ್ಡ್ ಎತ್ತಿ ಮಗಳ ಕೈಗಿಟ್ಟರು. "ಮುಖದ ಕೆಲಸ ಇನ್ಮೇಲೆ ನಿಂದೇ. ಈಗ ಇದನ್ನ ಕೊಟ್ಟು ಬಾ, ಒಣಗಿ ಯಾವ ಕಾಲ ಆಯ್ತು. ನಿಧಾನವಾಗೇ ಬಾ."

ಬಾಗಿಲು ತೆಗೆದವನು ಮೊದಲು ಮಡ್‌ಗಾರ್ಡ್ ನೋಡಿದ, ಆಮೇಲೆ ಅವಳನ್ನು, ಕೂಡಲೇ ಕಿಟಕಿಯನ್ನು.

"ಡ್ರೈವರಮ್ಮ ಒಪ್ಪಿದ್ರು," ಅವಳೆಂದಳು.

"ಒಪ್ತಾರೆ ಅಂತ ಗೊತ್ತಿತ್ತು."

ಅವಳು ನೇರವಾಗಿ ಹೋಗಿ ಗೋಡೆಗಿದ್ದ ಚಿತ್ರವನ್ನು ತಿರುಗಿಸಿದಳು. "ಇದನ್ನ ಯಾಕೆ ಬಿಟ್ರಿ?"

ಅವನ ಮುಖದ ಬಣ್ಣ ಇಳಿದು ಚಿತ್ರದ ಬಣ್ಣಕ್ಕೆ ಬಂತು. "ಬಿಡ್ಲಿಲ್ಲ... ಆಕಾರ ಹೇಗೋ ಕದ್ದು ನೋಡಿ ಬರೆದೆ. ಬಣ್ಣ ಕದಿಯೋಕಾಗಲ್ಲ. ನೀವು ಎದುರಿಗೆ ಕೂರಬೇಕು, ನಾನು ನೋಡ್ತಾ ಇರಬೇಕು. ಹಾಗೆ ನೋಡಿದ್ರೆ ನಿಮಗೆ ಎಲ್ಲ ಗೊತ್ತಾಗಿಬಿಡತ್ತೆ ಅಂತ..."

"ಏನು ಗೊತ್ತಾಗಿಬಿಡತ್ತೆ?"

"ನೀವಂದ್ರೆ ನನಗೆ ತುಂಬಾ ಇಷ್ಟ ಅಂತ."

ಅವಳು ಸ್ಟೂಲಿನ ಮೇಲಿದ್ದ ಮೊಟ್ಟೆಯನ್ನು ಎತ್ತಿ ಕಪಾಟಿನಲ್ಲಿಟ್ಟಳು. ತಾನು ಅಲ್ಲಿ ಕೂತಳು.

"ಇನ್ನು ಕಿಟಕಿ ನೋಡಿದ್ರೆ ಎದ್ದು ಹೋಗ್ತೀನಿ."

ಅವನು ನೋಡಿದ. ಬಣ್ಣ ಕಲಸಿದ. ಮತ್ತೆ ನೋಡಿದ, ಮತ್ತೆ ಕಲಸಿದ.

"ನಿಮ್ಮ ಕೆನ್ನೆ ಇಷ್ಟು ಕೆಂಪಿರಲಿಲ್ಲ..."

"ಈಗ ಆಗಿದೆ. ನೆನಪಿನಿಂದ ಹಾಕಬೇಡಿ ಅಂದೋರು ಯಾರು? ಕಂಡಿದ್ದನ್ನ ಹಾಕಿ!"

ಬೆಳಕು ಇಳಿಯುವ ಹೊತ್ತಿಗೆ ಬೂದಿಯ ಮೇಲೆ ಮೊದಲ ಪದರ ಕೂತಿತ್ತು. ಅವಳು ಎದ್ದು ಬಂದು ನೋಡಿದಳು. ಇಷ್ಟು ಚೆನ್ನಾಗಿದೀನಾ ನಾನು?

"ಒಣಗೋಕೆ ಎಷ್ಟು ದಿನ?"

"ತುಂಬಾ ದಿನ. ಆಮೇಲೆ ಇನ್ನೊಂದು ಪದರ. ಆಮೇಲೆ ಮತ್ತೊಂದು... ಅವಸರ ಇದ್ಯಾ ಪಿಚಕಾರಿ?"

"ಇಲ್ಲ, ಆಮೆ."

ಹಾಗೆಂದವಳು ಬೇಕೆಂದೇ ಚಿತ್ರದ ಹಸಿ ಕೆನ್ನೆಯನ್ನು ಬೆರಳಲ್ಲಿ ಮುಟ್ಟಿದಳು. ಆ ಕೆಂಪನ್ನು ಅವನ ಕೆನ್ನೆಗೆ ಹಚ್ಚಿದಳು. ಅಂಗೈ ಅಲ್ಲೇ ನಿಂತಿತು.

"ಅಯ್ಯೋ, ಕೈ..." ಅವನು ಶುರುಮಾಡಿದ.

"ತೆಗೀಲಾ?"

"ತೆಗೀಬೇಡ."