ದುಂಡು ಮೂತಿ, ಟೊಳ್ಳು ಮೂತಿ

ಹೆಣದ ಪಕ್ಕ ಬಿದ್ದಿದ್ದ ಪಿಸ್ತೂಲು ತನ್ನದೇ ಎಂದು ಕೊರೀನ್‌ಗೆ ನೋಡಿದ ಕೂಡಲೇ ಗೊತ್ತಾಯಿತು. ಕೈ ಜಾರದಿರಲೆಂದು ಹಿಡಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಹಲ್ಲಿನಿಂದ ಎಳೆದು ಬಿಗಿ ಮಾಡಿದ್ದವಳು ಅವಳೇ. ಪಿಸ್ತೂಲಿನ ಮೇಲ್ಭಾಗ ಪೂರ್ತಿ ಮುಚ್ಚಿಕೊಳ್ಳದೆ ಅರ್ಧಕ್ಕೆ ನಿಂತಿತ್ತು. ಆ ಸಂದಿಯಲ್ಲಿ ಒಂದು ಗುಂಡು ಓರೆಯಾಗಿ ಸಿಕ್ಕಿಕೊಂಡಿತ್ತು.

ಹೆಣವೂ ಗುರುತಿನದೇ. ಡ್ವೇನ್. ಟೆಕ್ಸಸ್‌ನಲ್ಲಿ ಅವಳು ಬಿಟ್ಟು ಬಂದ ಗಂಡ. ಅವಳ ಹತ್ತಿರ ಸುಳಿಯಬಾರದು, ಕೈಯಲ್ಲಿ ಬಂದೂಕು ಪಿಸ್ತೂಲು ಹಿಡಿಯಬಾರದು ಎಂದು ಕೋರ್ಟು ಅವನಿಗೆ ತಾಕೀತು ಮಾಡಿತ್ತು. ಈಗ ಅವನು ಅರಿಜೋನಾದ ಈ ಬಂದೂಕು ತರಬೇತಿ ಮೈದಾನದಲ್ಲಿ, ಸಾಮಾನಿನ ಶೆಡ್ಡಿನ ಹಿಂದೆ, ಎದೆಗೆ ಗುಂಡು ಬಿದ್ದು ಅಂಗಾತ ಮಲಗಿದ್ದ. ಸೊಂಟದಲ್ಲಿ ಹೊಸ ಚರ್ಮದ ಒರೆ, ಅದರೊಳಗೆ ಪಿಸ್ತೂಲು. ಒರೆಯ ಅಂಚಿಗೆ ಹಳದಿ ನೂಲಿನ ಜೋಡಿ ಹೊಲಿಗೆ. ಅವನು ಅದಕ್ಕೆ ಕೈ ಹಾಕಿಯೇ ಇರಲಿಲ್ಲ.

"ನಿಮ್ಮದೇನಾ ಮೇಡಂ, ಈ ಪಿಸ್ತೂಲು?" ಪೊಲೀಸ್ ಡೆಪ್ಯುಟಿ ಮರಿಸೆಲಾ ಒಚೋವಾ ಕೇಳಿದಳು.

"ನಂದೇ. ಇವನು ನನ್ನ ಗಂಡ."

ಮರಿಸೆಲಾ ಪಿಸ್ತೂಲಿನ ಮೇಲೆ ಮತ್ತೆ ಬಕೀಟು ಬೋರಲು ಹಾಕಿದಳು. "ಅಷ್ಟು ಎಲ್ಲರಿಗೂ ಹೇಳ್ತೀನಿ. ಆದ್ರೆ ಗುಂಡು ಸಿಕ್ಕಿಕೊಂಡಿರೋದನ್ನ ನೋಡಿರೋದು ನಾನು, ನೀವು, ಮಿಸ್ ಓಪಲ್. ಮೂರೇ ಜನ. ಅದು ಉಳಿದವರ ಕಿವಿಗೆ ಬೀಳಬಾರದು. ಹಳ್ಳದ ನೀರು ಇಳಿದ ಮೇಲೆ ನಿಮ್ಮನ್ನ ಕರ್ಕೊಂಡು ಹೋಗಬೇಕಾಗುತ್ತೆ, ತಪ್ಪು ತಿಳೀಬೇಡಿ."

ಮರಿಸೆಲಾ ಅವತ್ತು ಬಂದಿದ್ದು ತನ್ನ ಗುರಿ ಅಭ್ಯಾಸಕ್ಕೆ. ಅಷ್ಟರಲ್ಲಿ ಗುಡ್ಡದ ಕಡೆ ಮಳೆ ಸುರಿದು, ಒಣಗಿ ಬಿದ್ದಿದ್ದ ಹಳ್ಳ ಕೆಂಪಗೆ ಉಕ್ಕಿ ರಸ್ತೆಯನ್ನು ನುಂಗಿತ್ತು. ಆಚೆಯವರು ಈಚೆ ಬರುವಂತಿಲ್ಲ, ಈಚೆಯವರು ಆಚೆ ಹೋಗುವಂತಿಲ್ಲ. ಕೊರೀನ್ ನೀರನ್ನೇ ನೋಡುತ್ತಿದ್ದಳು. ನೀರು ಇದ್ದಷ್ಟು ಹೊತ್ತು ಇಲ್ಲಿ ಸೆರೆ. ಇಳಿದರೆ ಅಲ್ಲಿ ಸೆರೆ.

ಓಪಲ್ ಸ್ಟ್ರಿಕ್ಲಂಡ್ ಅವಳ ತೋಳು ಹಿಡಿದು ನೆರಳಿಗೆ ಕರೆತಂದಳು. ಶೆರಿಫ್ ಕಚೇರಿಯಲ್ಲಿ ಕೊಲೆ ಪ್ರಕರಣಗಳನ್ನು ನೋಡಿಕೊಂಡು ನಿವೃತ್ತಳಾದ ಓಪಲ್‌ಳ ಮನೆಯ ಹಿಂದಿನ ಕೋಣೆಯಲ್ಲೇ ಕೊರೀನ್ ಬಾಡಿಗೆಗಿದ್ದಳು. ಈ ಕಡೆಯವರು ಕಷ್ಟ ಬಂದರೆ ಇನ್ನೂ ಠಾಣೆಗೆ ಹೋಗುವ ಮೊದಲು ಓಪಲ್‌ಳ ಅಡುಗೆಮನೆಗೆ ಬರುತ್ತಿದ್ದರು.

"ನಾನಲ್ಲ, ಮಿಸ್ ಓಪಲ್."

"ಅಳೋದು ಆಮೇಲೆ ಇದ್ದೇ ಇದೆ. ಬೆಳಗಿಂದ ಏನೇನಾಯ್ತು ಹೇಳು. ನಾನೂ ಇದ್ದೆ ಅಂತ ಬಿಡಬೇಡ. ನೀನು ಕಂಡಿದ್ದು ನನಗೆ ಬೇಕು."

ಕೊರೀನ್ ಪದಗಳನ್ನು ಒಂದೊಂದಾಗಿ ಆರಿಸಿಕೊಂಡು ಹೇಳಿದಳು. ಬೆಳಗ್ಗೆ ಹೆಂಗಸರಿಗಾಗಿ ತರಗತಿ ಇತ್ತು. ಮೈಮೇಲೆ ಬಚ್ಚಿಟ್ಟುಕೊಂಡು ಓಡಾಡಲು ಯಾವ ಪಿಸ್ತೂಲು, ಯಾವ ಗುಂಡು ನಂಬಬಹುದು ಎಂಬ ಪಾಠ. ಅಂಗಡಿ, ಮೈದಾನ ಎರಡರ ಮಾಲೀಕ ಗಾರ್ಲಂಡ್ ಟೀಗ್ ಎಂದಿನಂತೆ ಮೊಣಕಾಲಿನ ಮೇಲೆ ಒರೆಯೊಂದನ್ನು ಇಟ್ಟುಕೊಂಡು, ಹಳದಿ ನೂಲಿನಿಂದ ಹೊಲಿಯುತ್ತಲೇ ಉಪದೇಶ ಮಾಡಿದ್ದ.

"ನೋಡ್ರಮ್ಮ, ದುಂಡು ಮೂತಿ ಗುಂಡು ಅಭ್ಯಾಸಕ್ಕೆ. ಅದು ಕಳ್ಳನ್ನ ದಾಟಿ, ಗೋಡೆ ದಾಟಿ, ಪಕ್ಕದ ಮನೆಯವರ ಫ್ರಿಜ್ಜಿಗೆ ಹೋಗಿ ಹಾಲು ಕುಡಿಯುತ್ತೆ. ಟೊಳ್ಳು ಮೂತಿದು ಹೊಕ್ಕ ಕಡೆ ಅರಳಿ ಅಲ್ಲೇ ನಿಲ್ಲುತ್ತೆ. ಬ್ಯಾಗಲ್ಲಿ ದುಂಡು ಮೂತಿ ಇಟ್ಕೊಂಡು ತಿರುಗೋಳು ನನ್ನ ಶಿಷ್ಯೆ ಅಂತ ಹೇಳ್ಕೋಬೇಡಿ!"

"ಸಣ್ಣ ಪಿಸ್ತೂಲಿಗೂ ಅದೇನಾ?" ಎಂದು ಓಪಲ್ ಕೇಳಿದ್ದಳು.

"ಕೊರೀನ್‌ಗೆ ಮಾರಿದೆನಲ್ಲ, ಅದು ಏನು ಕೊಟ್ರೂ ನುಂಗುತ್ತೆ, ನಮ್ಮ ಮಾವನ ಥರ."

ಆಗ ಕೊರೀನ್, ಓಪಲ್, ತರಬೇತಿ ಕೊಡುವ ವೆಸ್, ಜೊತೆಗೆ ಕಲಿಯುತ್ತಿದ್ದ ಲರ್ಲೀನ್ ನಾಲ್ವರೂ ನೆಲ ನೋಡಿದ್ದರು. ಹೋದ ತಿಂಗಳು ಗಾರ್ಲಂಡ್ ಫೀನಿಕ್ಸಿನ ಬಂದೂಕು ಸಂತೆಗೆ ಹೋಗಿದ್ದಾಗ ಅವರು ಅದೇ ಪಿಸ್ತೂಲಿಗೆ ಅಂಗಡಿಯಲ್ಲಿದ್ದ ಟೊಳ್ಳು ಮೂತಿಯ ಗುಂಡುಗಳನ್ನೆಲ್ಲ ಹಾಕಿ ನೋಡಿದ್ದರು. ಮೊದಲನೆಯದು ಹಾರುತ್ತಿತ್ತು. ಎರಡನೆಯದು ಒಳಗೆ ಏರದೆ ಸಿಕ್ಕಿಕೊಳ್ಳುತ್ತಿತ್ತು. ದುಂಡು ಮೂತಿಯವು ಮಾತ್ರ ಬೆಣ್ಣೆಯ ಹಾಗೆ ಜಾರುತ್ತಿದ್ದವು. ಬೇರೆ ಪಿಸ್ತೂಲು ಕೊಳ್ಳುವವರೆಗೆ ದುಂಡು ಮೂತಿಯನ್ನೇ ಇಟ್ಟುಕೋ ಎಂದಿದ್ದ ವೆಸ್. ಗಾರ್ಲಂಡ್‌ನ ಕಿವಿಗೆ ಹಾಕುವುದು ಬೇಡವೆಂದು ಎಲ್ಲರೂ ಒಪ್ಪಿಕೊಂಡಿದ್ದರು. ತಾನು ಮಾರಿದ ಮಾಲಿನ ಬಗ್ಗೆ ಯಾರಾದರೂ ಕೊಂಕು ತೆಗೆದರೆ ಅವನು ವಾರಗಟ್ಟಲೆ ಮುಖ ಊದಿಸಿಕೊಳ್ಳುತ್ತಿದ್ದ.

"ಪಾಠ ಆದ ಮೇಲೆ?" ಓಪಲ್ ಕೇಳಿದಳು.

"ನಿಯಮ ಗೊತ್ತಲ್ಲ. ತರಗತಿ ಕೋಣೆಯೊಳಗೆ ಗುಂಡು ಬರಬಾರದು. ನನ್ನ ಗುಂಡೆಲ್ಲ ಮೈದಾನದ ಬುಟ್ಟೀಲಿ, ವೆಸ್ ಕಾಲ ಬುಡದಲ್ಲೇ ಇತ್ತು. ಖಾಲಿ ಪಿಸ್ತೂಲು ಬ್ಯಾಗಲ್ಲಿ, ಬ್ಯಾಗು ಕೋಣೇಲಿ. ಅಂಗಡಿಯ ಬೇರೆ ಬೇರೆ ಪಿಸ್ತೂಲು ಹಿಡಿದು ನೋಡೋಕೆ ನಾವೆಲ್ಲ ಮೈದಾನಕ್ಕೆ ಹೋದ್ವಿ. ನಡುವೆ ನಾನೊಂದ್ಸಲ ಬಾತ್‌ರೂಮಿಗೆ ಹೋಗಿದ್ದೆ. ಲರ್ಲೀನ್ ನೀರು ತರೋಕೆ ಹೋಗಿದ್ಲು. ಗಾರ್ಲಂಡ್ ಅಂಗಡಿಗೆ ಹೋಗಿ ಬಂದ್ರು."

ಅಷ್ಟು ಗುಂಡಿನ ಸದ್ದಿನ ನಡುವೆ ಇನ್ನೊಂದು ಸದ್ದನ್ನು ಯಾರು ಬೇರೆಯಾಗಿ ಕೇಳಿಸಿಕೊಂಡಾರು?

ಓಪಲ್ ಎದ್ದಳು. "ಎಲ್ಲರನ್ನೂ ಅಂಗಡಿಗೆ ಕರಿ."

ಗಾಜಿನ ಕಪಾಟಿನ ಮೇಲೆ ಅವಳು ಕೊರೀನ್‌ಳದ್ದೇ ನಮೂನೆಯ ಹೊಸ ಪಿಸ್ತೂಲೊಂದನ್ನು ಇಟ್ಟಳು. ಅದರ ಎರಡು ಪಕ್ಕಕ್ಕೆ ಎರಡು ಪೆಟ್ಟಿಗೆ. ಎಡಗಡೆ ದುಂಡು ಮೂತಿ, ಬಲಗಡೆ ಟೊಳ್ಳು ಮೂತಿ. ವೆಸ್ ಗೋಡೆಗೆ ಒರಗಿ ನಿಂತಿದ್ದ. ಹೆಣವನ್ನು ಮೊದಲು ಕಂಡವಳು ಲರ್ಲೀನ್. ಅವಳು ಕಂಡಿದ್ದು ಬೂಟುಗಳನ್ನಷ್ಟೇ, ಆದರೂ ಬಿಕ್ಕುತ್ತಲೇ ಇದ್ದಳು. ಮರಿಸೆಲಾ ಬಾಗಿಲಲ್ಲಿದ್ದಳು.

"ಸತ್ತವನ ಪರಿಚಯ ಯಾರಿಗಾದ್ರೂ ಇತ್ತಾ?" ಓಪಲ್ ಕೇಳಿದಳು.

"ಅವನ ಮುಖ ನೋಡಿದ್ದೇ ಇವತ್ತು," ಎಂದ ಗಾರ್ಲಂಡ್. "ಯಾಕಿಷ್ಟು ನಾಟಕ ಓಪಲ್? ಪಿಸ್ತೂಲು ಇವಳದು, ಗಂಡ ಇವಳ ಗಂಡ. ಪಾಪ, ಹೆದರಿಕೊಂಡು ಹೊಡೆದುಬಿಟ್ಟಿದ್ದಾಳೆ. ಜೂರಿಯವರೂ ಮನುಷ್ಯರೇ, ಕನಿಕರ ತೋರಿಸ್ತಾರೆ ಬಿಡು."

ಕೊರೀನ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ಆಗಲೇ ಅವಳನ್ನು ಕ್ಷಮಿಸಿಬಿಟ್ಟಿದ್ದರು. ಮಾಡದ ಕೆಲಸಕ್ಕೆ.

"ಇರಬಹುದು," ಎಂದಳು ಓಪಲ್. "ಒಂದು ಪ್ರಶ್ನೆ ಕೇಳ್ತೀನಿ. ಗುರುಗಳೇ ಮೊದಲು ಹೇಳಲಿ. ನಿಮ್ಮ ಶಿಷ್ಯೆ ಮನೇಲಿ ಒಬ್ಬಳೇ ಇದ್ದಾಳೆ. ಬಾಗಿಲು ಮುರೀತಿದ್ದಾನೆ ಒಬ್ಬ. ಅವಳ ಕೈಲಿರೋದು ಇದೇ ಪಿಸ್ತೂಲು. ಅವಳು ಉಳೀಬೇಕು. ಯಾವುದು ತುಂಬ್ತೀರಿ?"

ಗಾರ್ಲಂಡ್‌ನ ಕೈ ಅಭ್ಯಾಸಬಲದಿಂದ ಬಲಕ್ಕೆ ಹೋಯಿತು. ಪೆಟ್ಟಿಗೆಯ ಮೇಲೆ ಅರೆಗಳಿಗೆ ನಿಂತಿತು. ಆಮೇಲೆ ಎಡಕ್ಕೆ ಸರಿದು ದುಂಡು ಮೂತಿಯ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿತು.

"ಅಯ್ಯೋ ಗಾರ್ಲಂಡ್!" ಲರ್ಲೀನ್ ಬಿಕ್ಕುವುದನ್ನು ನಿಲ್ಲಿಸಿದಳು. "ಬೆಳಗ್ಗೆ ತಾನೇ ನಮ್ಮನ್ನ ಬೈದ್ರಲ್ಲ! ಫ್ರಿಜ್ಜು, ಹಾಲು ಅಂತ!"

"ಈ ಸಣ್ಣದರ ಕತೆ ಬೇರೆ. ಟೊಳ್ಳು ಮೂತಿ ಇದರಲ್ಲಿ ಸಿಕ್ಕಿಹಾಕ್ಕೊಳುತ್ತೆ."

"ಬೆಳಗ್ಗೆ ಏನು ಕೊಟ್ರೂ ನುಂಗುತ್ತೆ ಅಂದ್ರಿ. ಸಿಕ್ಕಿಹಾಕ್ಕೊಳುತ್ತೆ ಅಂತ ಯಾರು ಹೇಳಿದ್ರು?" ಓಪಲ್ ಕೇಳಿದಳು.

"ವೆಸ್ ಹೇಳಿದ."

"ನಾನೆಲ್ಲಿ ಹೇಳ್ದೆ, ಬಾಸ್?" ವೆಸ್ ಗೋಡೆ ಬಿಟ್ಟು ನೆಟ್ಟಗೆ ನಿಂತ. "ನಿಮಗೆ ಹೇಳೋ ಧೈರ್ಯ ಯಾರಿಗಿತ್ತು?"

ಗಾರ್ಲಂಡ್ ಪೆಟ್ಟಿಗೆಯಿಂದ ಕೈ ತೆಗೆದ.

"ಹಾಗಾದ್ರೆ ನಾನೇ ಹೇಳ್ತೀನಿ," ಎಂದು ಓಪಲ್ ಸ್ಟೂಲಿನ ಮೇಲೆ ಕೂತಳು. "ಕೊಲೆಯಾದ ಪಿಸ್ತೂಲಲ್ಲಿ ಒಂದು ಗುಂಡು ಹಾರಿ, ಎರಡನೇದು ಸಿಕ್ಕಿಕೊಂಡಿದೆ. ಸಿಕ್ಕಿರೋದು ಟೊಳ್ಳು ಮೂತಿದು. ಅದನ್ನ ನೋಡಿದವರು ಮೂರೇ ಜನ, ಯಾರೂ ಬಾಯಿ ಬಿಟ್ಟಿಲ್ಲ. ಕೊರೀನ್ ಆಗಿದ್ರೆ ಅಂಥ ಗುಂಡು ಹಾಕ್ತಿರಲಿಲ್ಲ. ಪ್ರಾಣಕ್ಕೆ ಹೆದರಿದೋಳು ಕೈ ಕೊಡುತ್ತೆ ಅಂತ ಗೊತ್ತಿರೋದನ್ನ ಯಾಕೆ ತುಂಬ್ತಾಳೆ? ವೆಸ್‌ಗೂ ಲರ್ಲೀನ್‌ಗೂ ಅದು ಗೊತ್ತಿತ್ತು. ಮೈದಾನ ಬಿಟ್ಟು ಹೋದವರಲ್ಲಿ ಗೊತ್ತಿಲ್ಲದೆ ಇದ್ದವರು ನೀವೊಬ್ರೇ. ಪಿಸ್ತೂಲು ಖಾಲಿ ಇತ್ತು. ಅವಳ ಗುಂಡು ತರೋಕೆ ಎಲ್ಲರ ಕಣ್ಣೆದುರು ಮೈದಾನಕ್ಕೆ ಬರಬೇಕಿತ್ತು. ನಿಮ್ಮ ಹತ್ರ ಇದ್ದಿದ್ದನ್ನೇ ತುಂಬಿದ್ರಿ. ಎರಡನೇ ಸಲ ಟ್ರಿಗರ್ ಎಳೆದಾಗ ಅದು ಹಾರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿಮಗೂ ಪಾಠ ಆಗಿತ್ತು."

"ಇದು ಸಾಕ್ಷಿಯಲ್ಲ!"

"ಅಲ್ಲ. ನೀವು ಬಲಗಡೆ ಪೆಟ್ಟಿಗೆ ಆರಿಸಿದ್ರೆ ನಾನು ಬಾಯಿ ಮುಚ್ಕೊಂಡು ಮನೆಗೆ ಹೋಗಬೇಕಿತ್ತು. ಮರಿಸೆಲಾ, ಇವರು ಕಾಲಿಗೆ ಕಟ್ಟಿಕೊಂಡಿರೋ ಪುಟ್ಟ ಪಿಸ್ತೂಲು ನೋಡಮ್ಮ. ಗುಂಡಿನ ಅಳತೆ ಒಂದೇ."

ಮರಿಸೆಲಾ ಅದನ್ನು ಬಿಚ್ಚಿಸಿ ಗುಂಡುಗಳನ್ನು ಕಪಾಟಿನ ಮೇಲೆ ಸುರಿದಳು. ಸಿಕ್ಕಿಕೊಂಡಿದ್ದ ಗುಂಡಿನದೇ ಕಂಪನಿ, ಅದೇ ಟೊಳ್ಳು ಮೂತಿ. ತುಂಬಬೇಕಾದದ್ದಕ್ಕೆ ಎರಡು ಕಡಿಮೆ.

"ಮುಖವನ್ನೇ ನೋಡಿಲ್ಲ ಅಂದ್ರಲ್ಲ," ಓಪಲ್ ಮುಂದುವರಿಸಿದಳು, "ಅವನ ಸೊಂಟದ ಒರೆ ನಿಮ್ಮ ಕೈ ಹೊಲಿಗೆ. ಒದ್ದೆ ಚರ್ಮನ ಅದರೊಳಗಿರೋ ಪಿಸ್ತೂಲಿನ ಮೇಲೇ ಒತ್ತಿ ಮಾಡಿರೋದು, ಹೊಸದು, ಚರ್ಮ ಇನ್ನೂ ಮೆತ್ತಗಾಗಿಲ್ಲ. ಕೋರ್ಟು ಬೇಡ ಅಂದವನಿಗೆ ಹಿಂಬಾಗಿಲಿಂದ ಪಿಸ್ತೂಲು ಕೊಟ್ರಿ. ಆಮೇಲೆ ಅವನು ಹೆದರಿಸೋಕೆ ಶುರು ಮಾಡಿದ. ಅಲ್ವಾ?"

"ಅವನು ಯಾರು ಅಂತ ಆಗ ಗೊತ್ತಿರಲಿಲ್ಲ," ಎಂದ ಗಾರ್ಲಂಡ್. "ಆಮೇಲೆ ಬಂದು ಇವಳು ಎಲ್ಲಿ ಮಲಗ್ತಾಳೆ ಹೇಳು, ಇಲ್ಲಾಂದ್ರೆ ನಿನ್ನ ಲೈಸೆನ್ಸ್ ಹೋಗುತ್ತೆ, ಜೈಲಿಗೆ ಹೋಗ್ತೀಯ ಅಂದ. ಹೇಳಿದ್ರೆ ಅಲ್ಲಿಗೇ ನಿಲ್ತಾನಾ? ತೋರಿಸ್ತೀನಿ ಬಾ ಅಂತ ಕರೆಸಿದೆ." ಅವನು ಕೊರೀನ್ ಕಡೆ ತಿರುಗಿದ. "ನಿನಗೂ ಬಿಡುಗಡೆ ಆಯ್ತಲ್ಲ ತಾಯಿ. ಅಷ್ಟಾದ್ರೂ ನೆನೆಸ್ಕೋ."

ಕೊರೀನ್‌ಗೆ ತನ್ನ ದನಿ ಯಾರದ್ದೋ ದನಿಯಂತೆ ಕೇಳಿಸಿತು. "ಅವನಿಗೆ ಮಾರಿದವರೂ ನೀವೇ, ನನಗೆ ಮಾರಿದವರೂ ನೀವೇ. ಹೊಡೆದ ಮೇಲೆ ನನ್ನ ತಲೆಗೆ ಕಟ್ಟಿದವರೂ ನೀವೇ. ಇದರಲ್ಲಿ ನಾನು ಯಾವುದನ್ನ ನೆನೆಸ್ಕೊಳ್ಳಲಿ?"

ಸಂಜೆಗೆ ನೀರು ಇಳಿಯಿತು. ಮರಿಸೆಲಾಳ ಕಾರು ಗಾರ್ಲಂಡ್‌ನನ್ನು ಕೂರಿಸಿಕೊಂಡು ಕೆಸರಿನಲ್ಲಿ ಆಚೆ ದಡ ಹತ್ತಿತು. ಓಪಲ್ ತನ್ನ ಹಳೇ ಟ್ರಕ್ಕಿನಲ್ಲಿ ಕೂತು ಬೀಗದ ಕೈ ತಿರುಗಿಸಿದಳು. ಕೊರೀನ್ ಪಕ್ಕದಲ್ಲಿ ಕೂತು ಕನ್ನಡಿಯಲ್ಲಿ ಹಿಂದಿನ ರಸ್ತೆಯನ್ನು ನೋಡಿದಳು. ಬರುವವರು ಯಾರೂ ಉಳಿದಿರಲಿಲ್ಲ. ಆದರೂ ನೋಡಿದಳು.

"ಮಿಸ್ ಓಪಲ್, ಅವನು ನನ್ನ ಬುಟ್ಟಿಯಿಂದಲೇ ಎರಡು ಗುಂಡು ತೆಗೆದಿದ್ರೆ?"

ಓಪಲ್ ಗೇರು ಹಾಕಿದಳು. ಗಾಲಿಗಳು ಕೆಸರಿನಲ್ಲಿ ಒಮ್ಮೆ ಜಾರಿ, ಹಿಡಿತ ಸಿಕ್ಕಿ ಮುಂದಕ್ಕೆ ಹೋದವು.

"ತೆಗೆದಿದ್ರೆ," ಎಂದಳು ಓಪಲ್, ರಸ್ತೆಯಿಂದ ಕಣ್ಣು ಕೀಳದೆ, "ನೀನು ಮಾಡಿಲ್ಲ ಅಂತ ನಂಬೋಳು ನಾನೊಬ್ಬಳೇ ಇರ್ತಿದ್ದೆ. ಅಷ್ಟರಿಂದ ನಿನಗೇನೂ ಪ್ರಯೋಜನ ಆಗ್ತಿರಲಿಲ್ಲ, ಮಗೂ."